ಅಡ್ವಾನ್ಸ್ ಕೊಟ್ಟಿದ್ದೀರಿ, ಸಹಿ ಎಲ್ಲಿ?

ನನ್ನ ಕಕ್ಷಿದಾರರಲ್ಲಿ ಸಿನಿಮಾ ನಿರ್ಮಾಪಕರು ಬೇಕಾದಷ್ಟಿದ್ದಾರೆ. ರಿಯಲ್ ಎಸ್ಟೇಟಿನಿಂದ ಬಂದವರಿಗೆ ಕಾಗದದ ಬೆಲೆ ಹೇಳಿಕೊಡಬೇಕಾಗಿಲ್ಲ. ನನ್ನ ಬಿ.ಪಿ. ಏರಿಸುವವರು ಪೋಷಕ ನಟರಾಗಿದ್ದು ನಿರ್ಮಾಪಕರಾದವರು. ನಾಯಕನ ಅಪ್ಪ, ನಾಯಕಿಯ ಸೋದರಮಾವ, ಎರಡನೇ ಹಾಫ್‌ನಲ್ಲಿ ಮನಸ್ಸು ಬದಲಾಯಿಸುವ ಇನ್‌ಸ್ಪೆಕ್ಟರ್, ಹೀಗೆ ದಶಕಗಟ್ಟಲೆ ದುಡಿದು ಕೂಡಿಟ್ಟಿದ್ದನ್ನೆಲ್ಲ ಒಂದೇ ಚಿತ್ರಕ್ಕೆ ಸುರಿದಿರುತ್ತಾರೆ. ಕಥೆ ಬರೆದವರ ಜೊತೆ ಅಗ್ರಿಮೆಂಟ್ ಎಲ್ಲಿ ಎಂದರೆ, "ಅಯ್ಯೋ ಬಿಡಿ ಸಾರ್, ಅವನು ನಮ್ಮ ಹುಡುಗ" ಎಂದುಬಿಡುತ್ತಾರೆ.

ನಟರು ನಿರ್ಮಾಣಕ್ಕೆ ಇಳಿಯುವುದು ನಮ್ಮಲ್ಲಿ ಹೊಸದಲ್ಲ. 1960ರ 'ರಣಧೀರ ಕಂಠೀರವ'ಕ್ಕೆ ರಾಜ್‌ಕುಮಾರ್ ಜೊತೆ ಹೆಗಲು ಕೊಟ್ಟವರು ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್. ದ್ವಾರಕೀಶ್ 1969ರಲ್ಲಿ 'ಮೇಯರ್ ಮುತ್ತಣ್ಣ' ತೆಗೆದರು. ಬಿದ್ದು ಎದ್ದು 2004ರಲ್ಲಿ 'ಆಪ್ತಮಿತ್ರ' ಕೊಟ್ಟರು. ಮೈಸೂರಿನ ಗರಡಿಯಲ್ಲಿ ಮೈ ಹುರಿಗೊಳಿಸಿಕೊಂಡು ಬಂದ ಎಂ.ಪಿ. ಶಂಕರ್ ತೆರೆಯ ಮೇಲೆ ಖಳನಾಗಿ ಹೆದರಿಸುತ್ತಲೇ 1973ರಲ್ಲಿ 'ಗಂಧದ ಗುಡಿ' ನಿರ್ಮಿಸಿದರು. ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಚಿತ್ರದ ಕೃತಿಸ್ವಾಮ್ಯ (ಕಾಪಿರೈಟ್) ಉಳಿಯುತ್ತದೆ. ಅಂದರೆ ಆ ಚಿತ್ರದ ಹಕ್ಕು 2033ರ ಕೊನೆಯವರೆಗೆ ಜೀವಂತ. ಆಗ ಚಿತ್ರ ತೆಗೆದವರು ಥಿಯೇಟರ್ ಕಲೆಕ್ಷನ್ ನೋಡಿದರು. ಸ್ಯಾಟಲೈಟ್ ರೈಟ್ಸ್, ಒಟಿಟಿ ಎನ್ನುವುದೆಲ್ಲ ಯಾರ ಕನಸಿನಲ್ಲೂ ಇರಲಿಲ್ಲ. ಈಗ ಸಣ್ಣ ಚಿತ್ರದ ಬಂಡವಾಳ ಹಿಂದಿರುಗಬೇಕಾದರೆ ಬಹುಪಾಲು ಅಲ್ಲಿಂದಲೇ ಬರಬೇಕು. ಅಲ್ಲಿ ಕೂತವರು ಕಾಗದ ಕೇಳುತ್ತಾರೆ.

ಪೋಷಕ ನಟರಿಗೆ ನಿರ್ಮಾಣ ಗೊತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ನಾಯಕನಿಗಿಂತ ಚೆನ್ನಾಗಿ ಗೊತ್ತು. ಶಾಟ್‌ಗಾಗಿ ಮೇಕಪ್ ಹಾಕಿಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಮರದ ಕೆಳಗೆ ಕಾದವರು ಅವರು. ಜನರೇಟರ್ ಬಾಡಿಗೆ ಎಷ್ಟು, ಪ್ರೊಡಕ್ಷನ್ ಊಟದಲ್ಲಿ ಎಷ್ಟು ಸೋರುತ್ತದೆ ಎಲ್ಲ ಬಾಯಿಪಾಠ. ಅವರು ಕಾಣದೇ ಇದ್ದದ್ದು ಕಾಗದ ಒಂದೇ. ಮ್ಯಾನೇಜರ್ ಫೋನ್ ಮಾಡಿ "ನಾಲ್ಕು ದಿನ ಡೇಟ್ ಬೇಕು ಅಣ್ಣಾ" ಎನ್ನುತ್ತಿದ್ದ, ಇವರು ಹೋಗುತ್ತಿದ್ದರು. ಸಂಭಾವನೆ ಬಾಕಿ ಉಳಿದರೆ ಡಬ್ಬಿಂಗ್‌ಗೆ ಹೋಗುತ್ತಿರಲಿಲ್ಲ, ಅಷ್ಟೆ. ಆ ಗಂಟಲೇ ಅವರ ಅಗ್ರಿಮೆಂಟ್. ಇದರಲ್ಲೇ ಬದುಕು ಕಳೆದವರಿಗೆ, ಹಳೆಯ ಗೆಳೆಯನ ಮುಂದೆ ಸ್ಟ್ಯಾಂಪ್ ಪೇಪರ್ ಹಿಡಿಯುವುದು ಅವಮಾನ ಮಾಡಿದ ಹಾಗೆ ಅನಿಸುತ್ತದೆ. ಆ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೂ ಸಿಟ್ಟು ಬರುತ್ತದೆ.

ಕಾನೂನಿನ ಪ್ರಕಾರ ಚಿತ್ರದ ಕರ್ತೃ ನಿರ್ಮಾಪಕನೇ. ಇದನ್ನು ಹೇಳಿದ ಕೂಡಲೇ ಕಕ್ಷಿದಾರರ ಮುಖ ಅರಳುತ್ತದೆ, ಮುಂದಿನದು ಕಿವಿಗೆ ಬೀಳುವುದಿಲ್ಲ. ಮುಂದಿನದು ಇಷ್ಟು: ಚಿತ್ರ ಬೇರೆ, ಕಥೆ ಬೇರೆ, ಸಂಭಾಷಣೆ ಬೇರೆ. ಒಂದೊಂದಕ್ಕೂ ಒಡೆಯನಿದ್ದಾನೆ. ಬರೆದವನು ನಿಮ್ಮ ಸಂಬಳದ ನೌಕರನಲ್ಲದಿದ್ದರೆ ಸಾಮಾನ್ಯವಾಗಿ ಅವನೇ ಒಡೆಯ. ದುಡ್ಡು ಕೊಟ್ಟಮಾತ್ರಕ್ಕೆ ಆ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಬರವಣಿಗೆಯಲ್ಲಿ ವರ್ಗಾವಣೆ ಇರಬೇಕು, ಅದಕ್ಕೆ ಸಹಿ ಇರಬೇಕು ಎನ್ನುತ್ತದೆ. "ಕಥೆ ಬಾಬ್ತು" ಎಂದು ರೆವಿನ್ಯೂ ಸ್ಟ್ಯಾಂಪ್ ಅಂಟಿಸಿದ ವೋಚರ್ ಹಣ ಸಂದದ್ದಕ್ಕೆ ಸಾಕ್ಷಿ, ಹಕ್ಕು ಸಂದದ್ದಕ್ಕಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸಿದ್ದೀರಾ? ಅದು ಟೈಟಲ್ಲಿಗೆ. ಸೆನ್ಸಾರ್ ಸರ್ಟಿಫಿಕೇಟ್ ನಿಮ್ಮ ಹೆಸರಿನಲ್ಲಿದೆಯೇ? ಸಂತೋಷ, ಕಥೆ ನಿಮ್ಮದೆಂದು ಅದು ಹೇಳುವುದಿಲ್ಲ.

ಕಾಗದ ಮಾಡಿಕೊಂಡವರೂ ಒಂದೇ ಸಾಲು ಬರೆದು ತರುತ್ತಾರೆ: "ಕಥೆಯ ಸಂಪೂರ್ಣ ಹಕ್ಕು ಕೊಟ್ಟಿದ್ದೇನೆ." ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಓದಿಕೊಳ್ಳುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನೂ ಒಂದಿದೆ, ನಮ್ಮ ಮಂದಿಗೆ ಹೇಳಿ ಮಾಡಿಸಿದಂಥದ್ದು: ಕಾಗದದಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದರೆ ಅದು ಬಿದ್ದುಹೋದಂತೆ. ಸ್ಟಾರ್ ಒಬ್ಬನ ಡೇಟ್‌ಗಾಗಿ ಎರಡು ವರ್ಷ ಕಾಯುವ ನಿರ್ಮಾಪಕ ಈ ಸಾಲನ್ನು ಇನ್ನೊಮ್ಮೆ ಓದಲಿ. (ಹಾಡುಗಳದ್ದು ಬೇರೆಯೇ ಪುರಾಣ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.)

ಒಬ್ಬ ಹಿರಿಯರು, ಹೆಸರು ಬೇಡ, ಇಂಟರ್‌ವಲ್‌ಗೆ ಮುಂಚೆ ಸಾಯುವ ಪಾತ್ರಗಳಿಗೆ ಹೆಸರಾದವರು. ನನ್ನ ಆಫೀಸಿಗೆ ಬಂದಾಗ ಗುಮಾಸ್ತ ಎದ್ದುನಿಂತು ಅವರ ಡೈಲಾಗನ್ನು ಅವರಿಗೇ ಹೇಳಿದ. ಅವರ ಚಿತ್ರಕ್ಕೆ ಕೊಳ್ಳುವವರು ಸಿಕ್ಕಿದ್ದರು. ಕೊಳ್ಳುವವರ ಕಡೆಯ ವಕೀಲರು ಲಿಂಕ್ ಡಾಕ್ಯುಮೆಂಟ್ಸ್ ಕೇಳಿದರು, ಅಂದರೆ ಹಕ್ಕು ಬರೆದವರಿಂದ ನಿರ್ಮಾಪಕರ ಕೈಗೆ ಬಂದದ್ದನ್ನು ತೋರಿಸುವ ಕಾಗದಗಳು. ಸಂಭಾಷಣೆ ಬರೆದಿದ್ದ ಗೆಳೆಯ ಅಷ್ಟರಲ್ಲಿ ತೀರಿಕೊಂಡಿದ್ದರು. ಬರೆದವನು ಹೋದರೂ ಹಕ್ಕು ಹೋಗುವುದಿಲ್ಲ, 60 ವರ್ಷ ವಾರಸುದಾರರ ಬಳಿ ಇರುತ್ತದೆ. ಹಿರಿಯರೂ ನಾನೂ ಆ ಗೆಳೆಯರ ಮನೆಗೆ ಹೋದೆವು. "ಅತ್ತಿಗೆ, ಒಂದು ಸಹಿ ಬೇಕಿತ್ತು" ಎಂದರು ಇವರು, ತಲೆ ತಗ್ಗಿಸಿ. ಆ ತಾಯಿ ಕಾಫಿ ಕೊಟ್ಟು, ಒಳಗಿಂದ ಒಂದು ಡೈರಿ ತಂದರು. ಯಜಮಾನರು ಬರೆದಿಟ್ಟಿದ್ದ ಬಾಕಿ ಲೆಕ್ಕ ಅದರಲ್ಲಿತ್ತು. ಇವರು ಮರೆತೇಬಿಟ್ಟಿದ್ದ ಬಾಕಿ. ಅಲ್ಲೇ ಚೆಕ್ ಬರೆದರು. ಆದರೆ ಸಹಿ ಅವರೊಬ್ಬರದ್ದು ಸಾಲದು, ಮಕ್ಕಳದ್ದೂ ಬೇಕು, ಮಗಳು ವಿದೇಶದಲ್ಲಿ. ಅಲ್ಲಿನ ಕಾನ್ಸುಲೇಟ್‌ನಲ್ಲಿ ಅಧಿಕಾರ ಪತ್ರ ಮಾಡಿಸಿ ತರಿಸುವ ಹೊತ್ತಿಗೆ ಕೊಳ್ಳುವವರು ರೇಟ್ ಇಳಿಸಿದ್ದರು.

ಕೋರ್ಟಿಗೆ ಹೋದರೆ, ದುಡ್ಡು ಪಡೆದು ಚಿತ್ರಕ್ಕೆಂದೇ ಬರೆದುಕೊಟ್ಟವರು ಬಳಕೆಗೆ ಒಪ್ಪಿದಂತೆಯೇ ಎಂದು ವಾದಿಸಬಹುದು. ಗೆಲ್ಲಲೂಬಹುದು, ನಿಮ್ಮ ಕಾಗದ ನೋಡದೆ ನಾನು ಯಾವುದನ್ನೂ ಖಚಿತವಾಗಿ ಹೇಳಲಾರೆ. ಕೊಳ್ಳುವವರು ಆ ತೀರ್ಪಿಗೆ ಕಾಯುವುದಿಲ್ಲ, ಬೇರೆ ಚಿತ್ರ ಕೊಳ್ಳುತ್ತಾರೆ.

ಹಿರಿಯರು ಈಗ ಎರಡನೇ ಚಿತ್ರಕ್ಕೆ ಸಿದ್ಧರಾಗುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, "ಈ ಸಲ ಕಥೆ ನಮ್ಮ ಬಾಮೈದಂದು. ಅವನ ಹತ್ರಾನೂ ಸಹಿ ಹಾಕಿಸ್ಕೋಬೇಕಾ ಸಾರ್?" ಎಂದು ಕೇಳಿದರು. ಅಡ್ವಾನ್ಸ್ ಕೊಟ್ಟಾಯಿತೇ ಎಂದೆ. ಕೊಟ್ಟಾಗಿತ್ತು. ಡ್ರಾಫ್ಟ್ ಅವತ್ತೇ ಕಳಿಸಿದ್ದೇನೆ, ಇನ್ನೂ ವಾಪಸ್ ಬಂದಿಲ್ಲ.