ರಫ್ತಿನ ದಾಖಲೆಯಲ್ಲಿ ಮಹಿಳೆಯ ಕಾಲಂ: ಗಡಿನಾಡಿನಿಂದ ಒಂದು ಹಿನ್ನೋಟ

ನವಮಂಗಳೂರು ಬಂದರಿನಲ್ಲಿ ಗೇರುಬೀಜದ ತಿರುಳು ಹಡಗು ಹತ್ತುವ ಹೊತ್ತಿಗೆ ಅದರ ಬಗ್ಗೆ ಸರಕಾರಕ್ಕೆ ಗೊತ್ತಿಲ್ಲದ್ದು ಕಡಿಮೆ. ಸರಕಿನ ಸಂಕೇತ ಸಂಖ್ಯೆ, ತೂಕ, ಬೆಲೆ, ಸೇರುವ ದೇಶ, ರಫ್ತುದಾರರ ನೋಂದಣಿ, 2020ರಿಂದೀಚೆಗೆ ಸರಕು ಹೊರಟ ಜಿಲ್ಲೆ, ಎಲ್ಲವೂ ರಫ್ತುದಾರರು ಸುಂಕದ ಇಲಾಖೆಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನಲ್ಲಿವೆ. ಡಬ್ಲ್ಯೂ-240, ಡಬ್ಲ್ಯೂ-320 ಎಂಬ ದರ್ಜೆಗಳಂತೂ ಒಂದು ಪೌಂಡಿಗೆ ಎಷ್ಟು ತಿರುಳು ತೂಗುತ್ತದೆ ಎಂಬುದನ್ನೇ ಸೂಚಿಸುತ್ತವೆ. ಆದರೆ ಆ ಬೀಜವನ್ನು ಒಡೆದು, ಸಿಪ್ಪೆ ತೆಗೆದು, ದರ್ಜೆವಾರು ವಿಂಗಡಿಸಿದವರು ಬಹುಪಾಲು ಹೆಂಗಸರು ಎಂಬ ವಿಚಾರಕ್ಕೆ ಆ ಕಾಗದದಲ್ಲಿ ಜಾಗವಿಲ್ಲ.

ಇದು ಅಲಕ್ಷ್ಯಕ್ಕಿಂತ ಹೆಚ್ಚಾಗಿ ಎರಡು ಲೆಕ್ಕಗಳು ಬೇರೆ ಬೇರೆ ಇಲಾಖೆಗಳಲ್ಲಿ ಬೆಳೆದುದರ ಫಲ. ಸುಂಕದ ಕಟ್ಟೆ ಸರಕನ್ನು ಎಣಿಸಿತು, ಜನಗಣತಿ ಮನೆಯನ್ನು ಎಣಿಸಿತು. ಮನೆಯ ಎಣಿಕೆಯಲ್ಲೂ ಹೆಂಗಸರ ದುಡಿಮೆ ಸುಲಭವಾಗಿ ಕಾಣಿಸಲಿಲ್ಲ. 1971ರ ಜನಗಣತಿ ಪ್ರತಿಯೊಬ್ಬರ 'ಮುಖ್ಯ ಚಟುವಟಿಕೆ' ಏನೆಂದು ಕೇಳಿದಾಗ, ಗದ್ದೆಯಲ್ಲೂ ಚಾವಡಿಯಲ್ಲೂ ದುಡಿಯುತ್ತಿದ್ದ ಅಸಂಖ್ಯ ಮಹಿಳೆಯರು ಗೃಹಿಣಿಯರೆಂದಷ್ಟೇ ದಾಖಲಾಗಿ, ದುಡಿಯುವ ಮಹಿಳೆಯರ ಪ್ರಮಾಣ ಒಮ್ಮೆಲೇ ಕುಸಿದಂತೆ ಕಂಡಿತು. ಭಾರತದ ಮಹಿಳೆಯರ ಸ್ಥಿತಿಗತಿಯ ಕುರಿತ ಸಮಿತಿಯ 1974ರ ವರದಿಯ ನಂತರ ಈ ಚರ್ಚೆ ಕಾವೇರಿತು. 1981ರಲ್ಲಿ ಮುಖ್ಯ ಮತ್ತು ಅಲ್ಪಾವಧಿ ದುಡಿಮೆಗಾರರೆಂಬ ವಿಂಗಡಣೆ ಬಂತು. 1991ರಲ್ಲಿ ಕುಟುಂಬದ ಜಮೀನಿನಲ್ಲೋ ಉದ್ಯಮದಲ್ಲೋ ಕೂಲಿಯಿಲ್ಲದೆ ಮಾಡುವ ಕೆಲಸವೂ ಪ್ರಶ್ನೆಯೊಳಗೆ ಸೇರಿತು. ಇಳಾ ಭಟ್ ಅಧ್ಯಕ್ಷತೆಯ ಆಯೋಗ ಅಸಂಘಟಿತ ಮಹಿಳೆಯರ ಕುರಿತು 'ಶ್ರಮಶಕ್ತಿ' ವರದಿ ಕೊಟ್ಟದ್ದು 1988ರಲ್ಲಿ. ಜಗತ್ತಿನ ಸರಕುಗಳಿಗೆಲ್ಲ ಏಕರೂಪದ ಸಂಕೇತ ಸಂಖ್ಯೆಗಳ ವ್ಯವಸ್ಥೆ ಜಾರಿಗೆ ಬಂದದ್ದೂ ಅದೇ ವರ್ಷ. ಎರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ.

1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ಅಂಕಿಅಂಶಗಳನ್ನು ಲಿಂಗವಾರು ಬಿಡಿಸಿ ಕೊಡಬೇಕೆಂದಿತು. ವ್ಯಾಪಾರದ ವಲಯಕ್ಕೆ ಈ ಮಾತು ಮುಟ್ಟಲು ಮತ್ತೆ ಎರಡು ದಶಕಗಳೇ ಬೇಕಾದವು. 2015ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ ತನ್ನ ಸಮೀಕ್ಷೆಯ ಆಧಾರದಲ್ಲಿ, ರಫ್ತು ಮಾಡುವ ಐದು ಸಂಸ್ಥೆಗಳಲ್ಲಿ ಒಂದು ಮಾತ್ರ ಮಹಿಳೆಯರ ಒಡೆತನದ್ದೆಂದು ಹೇಳಿತು. 2017ರ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಚಿವರ ಸಭೆ ನಡೆದಾಗ, ವ್ಯಾಪಾರ ಮತ್ತು ಮಹಿಳೆಯರ ಆರ್ಥಿಕ ಸಬಲೀಕರಣದ ಘೋಷಣೆಯನ್ನು 118 ಸದಸ್ಯರೂ ವೀಕ್ಷಕರೂ ಬೆಂಬಲಿಸಿದರು. ಲಿಂಗವಾರು ದತ್ತಾಂಶ ಸಂಗ್ರಹದ ಕ್ರಮಗಳನ್ನು ಹಂಚಿಕೊಳ್ಳುವುದೂ ಅದರ ಭಾಗವಾಗಿತ್ತು. ಭಾರತ ಸೇರಲಿಲ್ಲ, ಮಹಿಳಾ ಸಮಾನತೆಗೆ ನಮ್ಮ ವಿರೋಧವಿಲ್ಲ, ಆದರೆ ಇದು ವ್ಯಾಪಾರ ಸಂಘಟನೆಯ ವಿಷಯವಲ್ಲ ಎಂಬುದು ಅದರ ವಾದ. ಶ್ರೀಮಂತ ದೇಶಗಳು ಇಂಥ ಮಾನದಂಡಗಳನ್ನೇ ಮುಂದೆ ತಡೆಗೋಡೆ ಮಾಡಿಕೊಂಡಾವು ಎಂಬ ಆತಂಕವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ನಮ್ಮ ದುಡಿಮೆಯನ್ನು ನಾವೇ ಎಣಿಸಿಕೊಳ್ಳಲು ಆ ಆತಂಕ ಅಡ್ಡಬರಬೇಕಾಗಿಲ್ಲ. 2020ರಲ್ಲಿ ವಿಶ್ವಬ್ಯಾಂಕ್ ಮತ್ತು ವ್ಯಾಪಾರ ಸಂಘಟನೆಯ ಜಂಟಿ ವರದಿ, ಅಭಿವೃದ್ಧಿಶೀಲ ದೇಶಗಳಲ್ಲಿ ರಫ್ತು ಮಾಡುವ ಸಂಸ್ಥೆಗಳ ನೌಕರರಲ್ಲಿ ಶೇಕಡಾ 33ರಷ್ಟು ಮಹಿಳೆಯರಿದ್ದರೆ ರಫ್ತು ಮಾಡದವುಗಳಲ್ಲಿ 24 ಎಂದು ತೋರಿಸಿತು. 2025ರ ಜುಲೈಯಲ್ಲಿ ಭಾರತ ಬ್ರಿಟನ್ನಿನೊಡನೆ ಸಹಿ ಹಾಕಿದ ಒಪ್ಪಂದದಲ್ಲಿ ವ್ಯಾಪಾರ ಮತ್ತು ಲಿಂಗ ಸಮಾನತೆಗೆ ಒಂದು ಅಧ್ಯಾಯವೇ ಇದೆ.

ಹಾಗಾದರೆ ಅಳೆಯುವುದು ಹೇಗೆ? ಕೆಲವು ದೇಶಗಳು ಸುಂಕದ ದಾಖಲೆಯನ್ನು ಸಂಸ್ಥೆಯ ಸಂಖ್ಯೆಯ ಮೂಲಕ ಉದ್ಯಮಗಳ ಪಟ್ಟಿಗೂ ನೌಕರರ ಪಟ್ಟಿಗೂ ಜೋಡಿಸುತ್ತವೆ. ನಮ್ಮಲ್ಲೂ ಅದಕ್ಕೆ ಬೇಕಾದ ಕೊಂಡಿಗಳಿವೆ. ಜಿಎಸ್‌ಟಿ ಬಂದ ಮೇಲೆ ಆಮದು-ರಫ್ತು ಸಂಕೇತವೂ ಪ್ಯಾನ್ ಸಂಖ್ಯೆಯೂ ಒಂದೇ. ಸಣ್ಣ ಉದ್ಯಮಗಳಿಗಾಗಿ 2020ರಲ್ಲಿ ಶುರುವಾದ ಉದ್ಯಮ್ ನೋಂದಣಿಯೂ ಪ್ಯಾನ್ ಆಧಾರಿತ, ಅದರಲ್ಲಿ ಮಾಲೀಕರು ಹೆಣ್ಣೋ ಗಂಡೋ ಎಂದು ಕೇಳುತ್ತಾರೆ. ಜಿಲ್ಲೆಯ ಹೆಸರನ್ನು ಶಿಪ್ಪಿಂಗ್ ಬಿಲ್ಲಿಗೆ ಸೇರಿಸಲಾಗಿದೆಯೆಂದ ಮೇಲೆ ಆ ನಮೂನೆ ಬದಲಾಗದ್ದೇನೂ ಅಲ್ಲ. ಆದರೂ ಒಡೆತನವೊಂದನ್ನೇ ನೋಡಿದರೆ ಮೋಸಹೋಗುವ ಸಂಭವವಿದೆ. ರಿಯಾಯಿತಿ ಸಾಲಕ್ಕಾಗಿ ಹೆಂಡತಿಯ ಹೆಸರಿನಲ್ಲಿ ನಡೆಯುವ ಉದ್ಯಮಗಳು ನಮ್ಮ ಊರುಗಳಿಗೆ ಹೊಸತಲ್ಲ.

ದುಡಿಯುವವರ ಲೆಕ್ಕ ಇನ್ನೂ ತೊಡಕಿನದು. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ನೇರ ನೇಮಕದ ಕಾರ್ಮಿಕರನ್ನು ಹೆಣ್ಣು-ಗಂಡು ಎಂದು ಬೇರ್ಪಡಿಸುತ್ತ ಬಂದಿದೆ, ಆದರೆ ಗುತ್ತಿಗೆದಾರರ ಮೂಲಕ ಬಂದವರನ್ನು ಒಟ್ಟು ಸಂಖ್ಯೆಯಲ್ಲಿ ಸೇರಿಸಿಬಿಡುತ್ತಿತ್ತು. ಕಾಸರಗೋಡಿಗೆ ಇದರ ಮೇಲೆ ಇನ್ನೊಂದು ಗಡಿಯೂ ಇದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ತಾಲೂಕಿನ ಉತ್ತರ ಭಾಗದ ಕೂಲಿ, ಕಲಿಕೆ, ಆಸ್ಪತ್ರೆ ಎಲ್ಲವೂ ಈಗಲೂ ಮಂಗಳೂರಿನ ಕಡೆಗೇ ವಾಲಿವೆ. ಮಂಜೇಶ್ವರದ ಹಳ್ಳಿಯ ಹೆಂಗಸು ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿ ಗೇರುಬೀಜದ ಕಾರ್ಖಾನೆಗೆ ಹೋದರೆ, ಮನೆಮನೆ ಸಮೀಕ್ಷೆ ಅವಳನ್ನು ಕೇರಳದ ದುಡಿಮೆಗಾರಳೆಂದು ಬರೆದುಕೊಳ್ಳುತ್ತದೆ. ಅವಳು ವಿಂಗಡಿಸಿದ ತಿರುಳು ಕರ್ನಾಟಕದ ರಫ್ತಾಗುತ್ತದೆ. ಎರಡೂ ಸರಿಯಾದ ಲೆಕ್ಕಗಳೇ. ಎರಡೂ ರಾಜ್ಯಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೂ ಅವಳಿಗೂ ಆ ರಫ್ತಿಗೂ ಇರುವ ಸಂಬಂಧ ಸಿಗುವುದಿಲ್ಲ.

ಬೀಡಿ ಕಟ್ಟುವವರ ವಿಷಯದಲ್ಲಿ ಮಾತ್ರ ಒಂದು ಹಳೆಯ ದಾಖಲೆ ಉಪಯೋಗಕ್ಕೆ ಬಂದೀತು. ಎಲೆಯನ್ನೂ ಹೊಗೆಸೊಪ್ಪನ್ನೂ ಮನೆಗೆ ಒಯ್ದು, ಸಾವಿರದ ಲೆಕ್ಕದಲ್ಲಿ ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಒಪ್ಪಿಸುವ ಈ ಹೆಂಗಸರನ್ನು 1966ರ ಬೀಡಿ ಕಾರ್ಮಿಕರ ಕಾಯಿದೆ ಕಾರ್ಮಿಕರೆಂದು ಗುರುತಿಸಿತು. 1976ರ ಕಲ್ಯಾಣ ನಿಧಿ ಕಾಯಿದೆಯಡಿ ಅವರಿಗೆ ಗುರುತಿನ ಚೀಟಿ ಬಂತು. ಬೀಡಿಯ ಬಹುಪಾಲು ದೇಶದೊಳಗೇ ಖರ್ಚಾಗುವುದರಿಂದ ರಫ್ತಿನ ಲೆಕ್ಕಕ್ಕೆ ಅದು ಸಣ್ಣದು. ಆದರೆ ಮನೆಯಲ್ಲಿ ಕೂತು ದುಡಿಯುವವಳನ್ನೂ ಹೆಸರು ಹಿಡಿದು, ಅವಳಿಗೆ ಕೆಲಸ ಕೊಟ್ಟ ಸಂಸ್ಥೆಯ ಜೊತೆ ಸೇರಿಸಿ ದಾಖಲಿಸಬಹುದೆಂಬುದಕ್ಕೆ ಈ ಚೀಟಿಯೇ ಪೂರ್ವನಿದರ್ಶನ. ಗೇರುಬೀಜದ ಗುತ್ತಿಗೆ ಕೆಲಸಕ್ಕೂ ಸಿಗಡಿ ಸುಲಿಯುವ ಶೆಡ್ಡುಗಳಿಗೂ ಅಂಥದ್ದೇ ಒಂದು ನೋಂದಣಿ ಮಾಡಿ, ಅದರಲ್ಲಿ ರಫ್ತುದಾರರ ಪ್ಯಾನ್ ಸಂಖ್ಯೆಗೊಂದು ಕಾಲಂ ಇಟ್ಟರೆ ಕಾರ್ಖಾನೆಯ ಗೇಟಿನಿಂದ ಬಂದರಿನ ತನಕದ ಲೆಕ್ಕ ಕೂಡಿಕೊಳ್ಳುತ್ತದೆ. ಎರಡು ರಾಜ್ಯಗಳ ಕಾರ್ಮಿಕ ಇಲಾಖೆಗಳು ತಮ್ಮ ಪಟ್ಟಿಗಳನ್ನು ಹಂಚಿಕೊಳ್ಳಲು ಒಪ್ಪಿದರೆ ತಲಪಾಡಿ ಅದಕ್ಕೆ ತಡೆಯಾಗುವುದಿಲ್ಲ.