ಸುಬೇದಾರರ ಪಿಂಚಣಿ, ಮಾಸ್ತರರ ಖಾಲಿ ಕುರ್ಚಿ

ಜುಲೈ ಬಂತೆಂದರೆ ಹುಬ್ಬಳ್ಳಿಯ ನಮ್ಮ ಕಚೇರಿಯ ಬೆಂಚಿನ ಮೇಲೆ ಪಿಂಚಣಿದಾರರದ್ದೇ ರಾಜ್ಯ. ಆದಾಯ ತೆರಿಗೆ ರಿಟರ್ನ್ ತುಂಬಲು ಹತ್ತು ನಿಮಿಷ, ಮಾತಿಗೆ ಒಂದು ತಾಸು. 2025ರ ಜುಲೈನಲ್ಲಿ ಒಂದು ದಿನ ಇಬ್ಬರು ಒಟ್ಟಿಗೆ ಕುಳಿತಿದ್ದರು. ಒಬ್ಬರು ಸೇನೆಯಿಂದ ನಿವೃತ್ತರಾದ ಹಾವೇರಿ ಜಿಲ್ಲೆಯ ಸುಬೇದಾರ್. ಇನ್ನೊಬ್ಬರು ಗದಗ ಕಡೆಯ ನಿವೃತ್ತ ಹೆಡ್ ಮಾಸ್ತರ್. ಚಹಾ ಬರುವಷ್ಟರಲ್ಲಿ ವಾದ ಶುರುವಾಗಿತ್ತು.

"ಒಂದು ಯುದ್ಧವಿಮಾನದ ರೊಕ್ಕದಾಗ ಎಷ್ಟು ಸಾಲಿ ಕಟ್ಟಬಹುದ್ರಿ, ಸುಬೇದಾರ್ ಸಾಹೇಬ್ರ?"

"ಮೊದಲ ಆಫೀಸಿನಾಗ ಸುಮ್ನ ಕುಂತು ಪಗಾರ ತಗೊಳ್ಳೋರನ್ನ ಕಡಿಮಿ ಮಾಡಸ್ರಿ ಮಾಸ್ತರ್ರ. ಆಮ್ಯಾಲೆ ವಿಮಾನದ ಮಾತು."

ಇಬ್ಬರೂ ನನ್ನ ಕಡೆ ತಿರುಗಿದರು. ಲೆಕ್ಕದವನು ತೀರ್ಪು ಕೊಡಲಿ ಅಂತ.

ತೀರ್ಪು ನನ್ನ ಕೆಲಸವಲ್ಲ. ಆದರೆ ಇಬ್ಬರೂ ಶುರುವಿನಲ್ಲೇ ಎಡವಿದ್ದರು. ವಿಮಾನದ ದುಡ್ಡು ದೆಹಲಿಯ ಕಿಸೆಯದ್ದು. ಮಾಸ್ತರರ ಸಾಲಿಯ ಪಗಾರ ಬೆಂಗಳೂರಿನ ಕಿಸೆಯದ್ದು. ಹಂಚಬೇಕಾದ ಕೇಂದ್ರ ತೆರಿಗೆಯಲ್ಲಿ ನೂರಕ್ಕೆ 41 ರೂಪಾಯಿ ಎಲ್ಲ ರಾಜ್ಯಗಳಿಗೂ ಸೇರಿ ಹೋಗಬೇಕು ಎಂದು 15ನೇ ಹಣಕಾಸು ಆಯೋಗ ಹೇಳಿತ್ತು. ಸೇನೆಯ ಖರ್ಚು ಏರಲಿ, ಇಳಿಯಲಿ, ಆ 41 ಬದಲಾಗುವುದಿಲ್ಲ. ಒಂದು ವಿಮಾನ ಕೊಳ್ಳುವುದನ್ನು ಬಿಟ್ಟರೆ ಉಳಿಯುವ ಹಣ ದೆಹಲಿಯಲ್ಲೇ ಇರುತ್ತದೆ. ಅದು ಗದಗಿನ ಸಾಲಿಗೆ ತಾನಾಗಿ ಹರಿದು ಬರುವುದಿಲ್ಲ.

ಇನ್ನು ಸೇನೆಯ ಬಿಲ್ ಬಿಡಿಸಿ ನೋಡೋಣ. 2025-26ರ ಕೇಂದ್ರ ಬಜೆಟ್ಟಿನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ರಕ್ಷಣೆಗೆ 6.81 ಲಕ್ಷ ಕೋಟಿ. ಅಂದರೆ ನೂರಕ್ಕೆ ಹದಿಮೂರು ರೂಪಾಯಿ ಚಿಲ್ಲರೆ. ಹಳೇ ಸಾಲದ ಬಡ್ಡಿಗೆ ಇದರ ಹೆಚ್ಚುಕಡಿಮೆ ಎರಡು ಪಟ್ಟು ಹೋಗುತ್ತದೆ, 12.76 ಲಕ್ಷ ಕೋಟಿ. ಬಡ್ಡಿಯ ಮೇಲೆ ಮಾತ್ರ ಯಾರೂ ಜಗಳ ಆಡುವುದಿಲ್ಲ, ಅಲ್ವಾ?

ಆ 6.81 ಲಕ್ಷ ಕೋಟಿಯಲ್ಲಿ ವಿಮಾನ, ಹಡಗು, ತೋಪಿನಂಥ ಹೊಸ ಖರೀದಿಗೆ 1.80 ಲಕ್ಷ ಕೋಟಿ. ಸಂಬಳ, ರೇಷನ್, ಇಂಧನ, ರಿಪೇರಿಗೆ 3.12 ಲಕ್ಷ ಕೋಟಿ. ಪಿಂಚಣಿಗೆ 1.61 ಲಕ್ಷ ಕೋಟಿ. ಉಳಿದದ್ದು ಇಲಾಖೆಯ ಸಿವಿಲ್ ಖರ್ಚು. ಮಾಸ್ತರರು ಬೊಟ್ಟು ಮಾಡಿದ ವಿಮಾನವೂ ಸೇರಿದ ಒಟ್ಟು ಖರೀದಿಗೂ ಪಕ್ಕದಲ್ಲಿ ಕುಳಿತವರ ಪಿಂಚಣಿಗೂ ಅಷ್ಟೇನೂ ಅಂತರವಿಲ್ಲ. ಇದನ್ನು ಹೇಳಿದಾಗ ಸುಬೇದಾರರು ಮೀಸೆ ತಿರುವಿಕೊಂಡರು. ಸಿಟ್ಟೋ ಹೆಮ್ಮೆಯೋ ತಿಳಿಯಲಿಲ್ಲ.

ಪಿಂಚಣಿ ಇಷ್ಟು ಬೆಳೆದದ್ದೇಕೆ? ಸಿಪಾಯಿಯ ಆಯುಸ್ಸಿನ ಲೆಕ್ಕ ಹಾಕಿ. ಹತ್ತೊಂಬತ್ತಕ್ಕೆ ಸೇರುತ್ತಾನೆ. ಹದಿನೈದು ವರ್ಷ ದುಡಿದರೆ ಪಿಂಚಣಿಗೆ ಅರ್ಹ. ನಲವತ್ತರ ಒಳಗೇ ಊರಿಗೆ ಬರುವವರು ಬಹಳ. ಎಪ್ಪತ್ತೈದರ ತನಕ ಬದುಕಿದರೆ ದುಡಿದದ್ದಕ್ಕಿಂತ ಜಾಸ್ತಿ ವರ್ಷ ಪಿಂಚಣಿ. ಇದು ಅವನ ತಪ್ಪಲ್ಲ. ಗುಡ್ಡದ ಮೇಲೆ ನಿಲ್ಲಲು ಹರೆಯದ ಮೈ ಬೇಕು ಅಂತ ಸೇನೆಯೇ ಬೇಗ ಕಳಿಸುತ್ತದೆ. ಮಾಸ್ತರರು ಮಾತ್ರ ಅರವತ್ತರ ತನಕ ಪಾಠ ಮಾಡಿದವರು. ಇದರ ಮೇಲೆ 2014ರ ಜುಲೈ 1ರಿಂದ ಅನ್ವಯವಾದ ಒಂದೇ ಹುದ್ದೆ ಒಂದೇ ಪಿಂಚಣಿ ಬೇರೆ. ಐದು ವರ್ಷಕ್ಕೊಮ್ಮೆ ಹಳಬರ ಪಿಂಚಣಿಯನ್ನು ಹೊಸಬರದ್ದಕ್ಕೆ ಸರಿದೂಗಿಸುವ ಪದ್ಧತಿ.

ಪಿಂಚಣಿ ಕಡಿಮೆ ಮಾಡುತ್ತೇವೆ ಎಂದು ಈ ವರ್ಷ ಹೊರಟರೆ ಈ ವರ್ಷ ಒಂದು ಪೈಸೆಯೂ ಉಳಿಯುವುದಿಲ್ಲ. ಸರ್ಕಾರಿ ಖರ್ಚಿನಲ್ಲಿ ಜನರಿಗೆ ತಿಳಿಯದ ಸಂಗತಿ ಇದೇ ಅನ್ನಿಸುತ್ತದೆ ನನಗೆ. ಅಗ್ನಿಪಥ ಬಂದದ್ದು 2022ರ ಜೂನ್‌ನಲ್ಲಿ. ನಾಲ್ಕು ವರ್ಷದ ಸೇವೆ, ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನ ಕಾಯಂ, ಉಳಿದವರಿಗೆ ಪಿಂಚಣಿಯಿಲ್ಲ. ಹಳೇ ಪದ್ಧತಿಯಲ್ಲಿ ಆಗ ಸೇರಿದ ಹುಡುಗ ಪಿಂಚಣಿಗೆ ಬರುತ್ತಿದ್ದದ್ದು 2037ರ ನಂತರ. ಉಳಿತಾಯ ಕಾಣುವುದೂ ಆಗಲೇ. ಮಾಸ್ತರರ ಕಡೆಯದ್ದೂ ಇದೇ ಕತೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ, ಅಂದರೆ ಕೆಲಸದಲ್ಲಿ ಇರುವಾಗಲೇ ಅವರ ಖಾತೆಗೆ ದುಡ್ಡು ತುಂಬುತ್ತಾ ಹೋಗುವುದು. ಅವರಲ್ಲಿ ಹೆಚ್ಚಿನವರು ನಿವೃತ್ತರಾಗುವ ತನಕ ಖಜಾನೆ ಹಳಬರಿಗೂ ಕೊಡಬೇಕು, ಹೊಸಬರ ಖಾತೆಗೂ ತುಂಬಬೇಕು.

ಹಾಗಾದರೆ ಇದೇ ವರ್ಷ ಖರ್ಚು ಇಳಿಸಲೇಬೇಕೆಂದರೆ ಏನು ಉಳಿಯಿತು? ಖರೀದಿ, ರಿಪೇರಿ, ಗುತ್ತಿಗೆದಾರರ ಬಿಲ್, ಖಾಲಿ ಹುದ್ದೆ. ಬಾಯಿಲ್ಲದ ಬಾಬ್ತುಗಳು.

ಖಾಲಿ ಹುದ್ದೆಯ ವಿಷಯಕ್ಕೆ ಬರೋಣ. ಸರ್ಕಾರ ಸಣ್ಣದಾಗಬೇಕು ಎನ್ನುವವರು ಅದು ಸದ್ದಿಲ್ಲದೆ ಆಗುತ್ತಿರುವುದನ್ನು ನೋಡಿಲ್ಲ. 2001ರ ಮೇನಲ್ಲಿ ಕೇಂದ್ರ ಒಂದು ಆದೇಶ ಹೊರಡಿಸಿತು. ವರ್ಷಕ್ಕೆ ನೂರಕ್ಕೆ ಮೂರು ಜನ ನಿವೃತ್ತರಾಗುತ್ತಾರೆ, ಒಬ್ಬರನ್ನಷ್ಟೇ ತೆಗೆದುಕೊಳ್ಳಿ, ಐದು ವರ್ಷಕ್ಕೆ ಹತ್ತು ಜನ ಕಡಿಮೆ. ಯಾರನ್ನೂ ಮನೆಗೆ ಕಳಿಸಲಿಲ್ಲ, ಬಾಗಿಲು ಅರ್ಧ ಮುಚ್ಚಿದರು ಅಷ್ಟೇ. 2021ರ ಮಾರ್ಚ್ 1ಕ್ಕೆ ಕೇಂದ್ರದ ಮಂಜೂರಾದ ಸಿವಿಲ್ ಹುದ್ದೆ 40.35 ಲಕ್ಷ, ತುಂಬಿದ್ದು 30.56 ಲಕ್ಷ. ನಮ್ಮ ರಾಜ್ಯದಲ್ಲೂ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಕುರ್ಚಿ ಖಾಲಿ.

ಕೇಂದ್ರದ ಆ ಲಕ್ಷಗಳಲ್ಲಿ ಯಾರಿದ್ದಾರೆ? ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೈಲ್ವೆಯವರು, ಅಂಚೆಯವರು, ಗಡಿ ಕಾಯುವ ಅರೆಸೇನಾ ಪಡೆಯವರು, ಸೇನೆಯದ್ದೇ ಸಿವಿಲ್ ನೌಕರರು. ಸೇನೆಯ ಖರ್ಚು ಇಳಿಸಿ ಎನ್ನುವವರು, ನೌಕರರನ್ನು ಇಳಿಸಿ ಎನ್ನುವವರು, ಅಮೆರಿಕದಲ್ಲೂ ಈ ಎರಡು ಪಂಗಡದ ವಾದ ಹಳೆಯದು. ಅಲ್ಲಿ ಕೇಂದ್ರ ಸರ್ಕಾರದ ಸಿವಿಲ್ ನೌಕರರಲ್ಲಿ ಅಂಚೆಯವರನ್ನು ಬಿಟ್ಟರೆ ಸುಮಾರು ಮೂರರಲ್ಲಿ ಒಬ್ಬರು ರಕ್ಷಣಾ ಇಲಾಖೆಯವರೇ. ಸೇನೆ ಒಂದು ತಕ್ಕಡಿ, ಸರ್ಕಾರ ಇನ್ನೊಂದು ತಕ್ಕಡಿ ಅಂತ ಇಟ್ಟು ತೂಗಲು ಬರುವುದಿಲ್ಲ.

ಕುರ್ಚಿ ಖಾಲಿಯಾದರೆ ಕೆಲಸ ಖಾಲಿಯಾಗುತ್ತದೆಯೇ? ನಾನು ನೋಡುವ ಒಂದು ಸ್ಥಳೀಯ ಸಂಸ್ಥೆಯ ಲೆಕ್ಕದಲ್ಲಿ ವರ್ಷವರ್ಷಕ್ಕೂ ವೇತನದ ಸಾಲು ಇಳಿಯುತ್ತದೆ. ನಾಲ್ಕು ಪುಟ ಮಗುಚಿದರೆ ಹೊರಗುತ್ತಿಗೆಯ ಸಾಲು ಏರಿರುತ್ತದೆ. ಅದೇ ಕಸ, ಅದೇ ಪೊರಕೆ. ನಡುವೆ ಏಜೆನ್ಸಿಯವರ ಕಮಿಷನ್ ಹೊಸದು. ಮಾಸ್ತರರ ಸಾಲಿಯಲ್ಲೂ ಈಗ ಅತಿಥಿ ಶಿಕ್ಷಕರೇ ನಡೆಸುತ್ತಿದ್ದಾರಂತೆ. ಇದನ್ನು ನಾನು ಕಡಿತ ಎಂದು ಕರೆಯುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿದ್ದು.

ನಿಜವಾದ ಕಡಿತವೂ ಇದೆ. ಸಿಪಾಯಿಗಳಿಗೆ ತಾಜಾ ಹಾಲು ಸಿಗಲೆಂದು ಬ್ರಿಟಿಷರು 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಡೇರಿ ಫಾರ್ಮ್ ತೆರೆದಿದ್ದರು. ಅದು ಬೆಳೆದು ಊರೂರಿಗೆ ಹಬ್ಬಿತು, ಕೊನೆಗೆ ಉಳಿದದ್ದು 39 ಫಾರ್ಮ್. ಸೇನೆಯ ಖರ್ಚು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಶೇಕಟ್ಕರ್ ಸಮಿತಿ ಇವು ಬೇಡ ಎಂದಿತು. 2021ರ ಮಾರ್ಚ್ 31ಕ್ಕೆ ಎಲ್ಲ ಮುಚ್ಚಿದವು. ಮೂಲೆಮೂಲೆಗೆ ಪ್ಯಾಕೆಟ್ ಹಾಲು ಸಿಗುವಾಗ ಸೇನೆ ಹಸು ಯಾಕೆ ಸಾಕಬೇಕು? ಇಲ್ಲಿ ಕೆಲಸವೇ ಮುಗಿದಿತ್ತು, ಆದ್ದರಿಂದ ಖರ್ಚೂ ಮುಗಿಯಿತು.

ಉಲ್ಟಾ ಉದಾಹರಣೆ ನಮ್ಮ ಮನೆಯಂಗಳದ್ದೇ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಆದವು. ಎರಡು ಜಿಲ್ಲಾಧಿಕಾರಿ ಕಚೇರಿ, ಎರಡು ಎಸ್ಪಿ ಕಚೇರಿ, ಎರಡು ಖಜಾನೆ ಜಾಸ್ತಿ. ಸರ್ಕಾರ ದೊಡ್ಡದಾಯಿತು, ಹೌದು. ಆದರೆ ಹಿರೇಕೆರೂರಿನ ರೈತ ಒಂದು ಅರ್ಜಿಗಾಗಿ ಧಾರವಾಡದ ತನಕ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕೂಲಿ, ಟಿಕೆಟ್, ಊಟ ಯಾವ ಬಜೆಟ್ಟಿನಲ್ಲೂ ಇರಲಿಲ್ಲ. ಆ ಖರ್ಚು ಅವನ ಕಿಸೆಯಿಂದ ಹೋಗುತ್ತಿತ್ತು. "ಇದನ್ನ ಬರೀರಿ" ಎಂದರು ಸುಬೇದಾರರು. ಅವರ ಅಪ್ಪ ಹಾಗೆ ಓಡಾಡಿದವರಂತೆ.

ಸುಬೇದಾರರ ರಿಟರ್ನ್ ತುಂಬಿ ಮುಗಿಯಿತು. ಏಳಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದರು. ಮೊಮ್ಮಗ ಅಗ್ನಿವೀರ, ಮೊದಲ ತಂಡದವನು. 2026ರ ಕೊನೆಗೆ ನಾಲ್ಕು ವರ್ಷ ಮುಗಿಯುತ್ತದೆ. ಸೇವೆ ಮುಗಿದಾಗ ಸಿಗುವ ಇಡಿಗಂಟು, ಸೇವಾನಿಧಿ, ಎಷ್ಟು, ತೆರಿಗೆ ಬೀಳುತ್ತದೆಯೇ ಅಂತ ಕೇಳಲು ಹೇಳಿದ್ದನಂತೆ. ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ ಎಂದೆ. ಅದರಲ್ಲಿ 5.02 ಲಕ್ಷ ಅವನದೇ ಸಂಬಳದಿಂದ ಮುರಿದುಕೊಂಡದ್ದು ಎಂದೂ ಹೇಳಿದೆ.

"ಕಾಯಂ ಮಾಡ್ಕೊಳ್ಳಿಲ್ಲಂದ್ರ ಏನ್ ಮಾಡ್ತಾನ?" ಮಾಸ್ತರ್ ಕೇಳಿದರು. ದನಿಯಲ್ಲಿ ವಾದ ಇರಲಿಲ್ಲ.

"ಧಾರವಾಡಕ್ಕ ಬಂದು ಸಪ್ತಾಪುರದ ಕೋಚಿಂಗ್ ಓಣ್ಯಾಗ ರೂಮ್ ಮಾಡ್ತೀನಿ ಅಂದಾನ್ರಿ. ಪಿಎಸ್‌ಐ, ಎಫ್‌ಡಿಎ ಪರೀಕ್ಷಾ ಏನರ ಬರೀತೀನಿ ಅಂತ."

"ಮಾಜಿ ಸೈನಿಕರ ಕೋಟಾ ಅವನಿಗೆ ಹತ್ತತೈತೇನ್ರಿ?"

"ಅದನ್ನ ಆಮ್ಯಾಲೆ ಕೇಳೋಣ್ರಿ ಮಾಸ್ತರ್ರ" ಎಂದರು ಸುಬೇದಾರರು. "ಮೊದಲ ಹುದ್ದೆ ಕರೀಬೇಕಲ್ಲ."