ಬೆವರು ಬಾರದೆಯೂ ಶುಗರ್ ಇಳಿಯುತ್ತದೆ

ಪ್ರಶ್ನೆ: ಏಕಾದಶಿ ಉಪವಾಸ ಮಾಡಿ ಮಲಗಿದ್ದ ಅಪ್ಪನಿಗೆ ದ್ವಾದಶಿ ಬೆಳಿಗ್ಗೆ ಮಾತು ತೊದಲಿತು, ಬಲಗೈ ಏಳಲಿಲ್ಲ. ಸ್ಟ್ರೋಕ್ ಎಂದು ಹೆದರಿ ಉಡುಪಿಗೆ ಕರೆದುಕೊಂಡು ಹೋದೆವು. ಶುಗರ್ 38 ಇತ್ತಂತೆ. ಗ್ಲೂಕೋಸ್ ಹಾಕಿದ ಮೇಲೆ ಕೈ ಎತ್ತಿದರು. ಶುಗರ್ ಕಮ್ಮಿಯಾದರೆ ಬೆವರು, ನಡುಕ ಬರಬೇಕಲ್ವಾ?

ಉತ್ತರ: ಬರಲೇಬೇಕೆಂದಿಲ್ಲ. ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಬೆವರು, ನಡುಕ, ಎದೆ ಡವಡವ ಎಲ್ಲ ಶುಗರ್ ಇಳಿಯುವಾಗ ನರಗಳು, ಅಡ್ರಿನಲಿನ್ ಹಾರ್ಮೋನ್ ಸೇರಿ ಕೊಡುವ ಎಚ್ಚರಿಕೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಪದೇ ಪದೇ ಲೋ ಆದವರಲ್ಲಿ, ವಯಸ್ಸಾದವರಲ್ಲಿ ಈ ಎಚ್ಚರಿಕೆ ಮಂಕಾಗುತ್ತದೆ. ಬಿಪಿಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತಿನ್ನುವವರಿಗೆ ನಡುಕ, ಡವಡವ ಗೊತ್ತೇ ಆಗದಿರಬಹುದು. ಆಗ ಮೊದಲು ಕಾಣುವುದೇ ಮೆದುಳಿನ ತೊಂದರೆ: ತೊದಲು, ತಾಳವಿಲ್ಲದ ಮಾತು, ಸುಮ್ನೆ ಸಿಟ್ಟು, ಕೆಲವರಲ್ಲಿ ಒಂದೇ ಬದಿಯ ಕೈಕಾಲು ಸೋಲುವುದು. ರಕ್ತನಾಳ ಕಟ್ಟದೆಯೂ ಹೀಗಾಗುತ್ತದೆ. ಸ್ಟ್ರೋಕೋ, ಶುಗರ್ ಇಳಿದದ್ದೋ ಎಂದು ಬರೀ ನೋಡಿ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಮೊದಲು ಬೆರಳು ಚುಚ್ಚಿ ಶುಗರ್ ನೋಡಲೇಬೇಕು.

ನಿಮ್ಮ ಅಪ್ಪ ಊಟ ಬಿಟ್ಟರು, ಮಾತ್ರೆ ಬಿಟ್ಟಿರಲಿಕ್ಕಿಲ್ಲ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗೆ ಏಕಾದಶಿ ಗೊತ್ತಿಲ್ಲ, ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಸುರಿಸುತ್ತದೆ. ಉಪವಾಸಕ್ಕೆ ಮೊದಲೇ ಡಾಕ್ಟರ್ ಹತ್ತಿರ ಡೋಸ್ ಕೇಳಿಕೊಳ್ಳಿ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಕ್ಷಣ ನೋಡಿ. 70ಕ್ಕಿಂತ ಕಮ್ಮಿ ಇದ್ದು, ಎಚ್ಚರವಿದ್ದು, ಸರಿಯಾಗಿ ನುಂಗುವಂತಿದ್ದರೆ ಕೂರಿಸಿ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮಂಪರಿದ್ದರೆ, ನೀರು ಬಾಯಿಂದ ಸೋರುತ್ತಿದ್ದರೆ ಏನೂ ಹಾಕಬೇಡಿ. ಯಾವುದೇ ಆದರೂ ಅಷ್ಟರಲ್ಲೇ 108ಕ್ಕೆ ಫೋನ್ ಹೋಗಿರಲಿ. ಅದು ನಿಜವಾದ ಸ್ಟ್ರೋಕೇ ಆಗಿದ್ದರೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಇನ್ನು ಶುಗರ್ ಏರಿ ಮಾತು ಸರಿಯಾದರೂ ಮನೆಯಲ್ಲೇ ಉಳಿಯಬೇಡಿ. ಕಿಡ್ನಿ ಸೋತವರಲ್ಲಿ ಮಾತ್ರೆ ಮೈಯಲ್ಲೇ ನಿಂತು ಮತ್ತೆ ಲೋ ಮಾಡುತ್ತದೆ.

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ನಮ್ಮ ಕಡೆ ಲೋ ಎಂದ ಕೂಡಲೇ ಬೊಂಡ (ಎಳನೀರು) ಕೆತ್ತಲು ಓಡುತ್ತಾರೆ. ಬೇಕಾದ್ದು ಸುಮಾರು 15 ಗ್ರಾಂ ಗ್ಲೂಕೋಸ್, ಒಂದು ಬೊಂಡದ ನೀರಿನಲ್ಲಿ ಅಷ್ಟು ಸಿಗುವುದು ಕಷ್ಟ. ಬೆಲ್ಲ ಕರಗಿಸಿದ ನೀರು ಅದಕ್ಕಿಂತ ಮೇಲು. ಆದರೆ ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನ ಮಾಡುವ ವೊಗ್ಲಿಬೋಸ್ ಎಂಬ ಔಷಧಿ ಸೇರಿದ ಮಾತ್ರೆ ತಿನ್ನುವವರಿಗೆ ಸಕ್ಕರೆ, ಬೆಲ್ಲ ಎರಡೂ ಬೇಗ ಹತ್ತುವುದಿಲ್ಲ. ಅವರಿಗೆ ಮೆಡಿಕಲ್‌ನಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಆಗಬೇಕು. ಅಪ್ಪನ ಮಾತ್ರೆ ಸ್ಟ್ರಿಪ್ಪಿನ ಹಿಂದೆ ಆ ಹೆಸರು ಉಂಟಾ ಎಂದು ಇವತ್ತೇ ನೋಡಿ.